ಸಾರ್ವಜನಿಕರಿಂದ ಮುಕ್ತ

ಮೊದಲು ಬಂದದ್ದು ಒಂದು ದೊಡ್ಡ ಕೊಡೆ. ಕೊಡೆ ತಾನೇ, ನಾಲ್ಕು ಜನಕ್ಕೆ ನೆರಳಾಗಲಿ ಅಂದುಕೊಂಡೆವು. ಆಮೇಲೆ ಕೊಡೆಯ ಕೆಳಗೆ ಮೇಜು ಬಂತು, ಮೇಜಿನ ಸುತ್ತ ಕುರ್ಚಿ ಬಂದವು, ಕುರ್ಚಿಗಳ ಸುತ್ತ ಹೂವಿನ ಕುಂಡಗಳು ಬಂದವು. ಕುಂಡಗಳ ಅಡಿಯಲ್ಲಿ ಗಾಲಿ. ಬೆಳಿಗ್ಗೆ ನೆಲ ಒರೆಸುವಾಗ ಕಾಫಿ ಅಂಗಡಿಯವರು ಅವನ್ನು ಹೊರಗೆ ತಳ್ಳುತ್ತಿದ್ದರು, ಒರೆಸಿ ಮುಗಿದ ಮೇಲೆ ಒಳಗೆ ಎಳೆಯುತ್ತಿದ್ದರು. ತಳ್ಳಿದಷ್ಟು ಎಳೆಯುತ್ತಿರಲಿಲ್ಲ. ಅವರ ವಿದ್ಯೆಯೆಲ್ಲ ಅಷ್ಟೇ. ಇದಕ್ಕೆ ಗೋಡೆ ಬೇಡ, ಬೇಲಿ ಬೇಡ, ಜಗಳವೂ ಬೇಡ. ನೆಲ ಒರೆಸುವ ನೆಪವೊಂದು ಸಾಕು. ವರ್ಷ ತುಂಬುವುದರೊಳಗೆ ಅರ್ಧ ಅಂಗಳ ಕುಂಡಗಳ ಒಳಗಾಯಿತು.

ಅಂಗಳ ಅಂದರೆ ನಮ್ಮ ಮನೆಯ ಅಂಗಳವಲ್ಲ. ನಮ್ಮ ಓಣಿ ಮುಖ್ಯರಸ್ತೆಗೆ ಸೇರುವಲ್ಲಿ ಎದುರಿಗೇ ಒಂದು ಗಾಜಿನ ಕಟ್ಟಡವಿದೆ. ತುದಿ ನೋಡಲು ಹೋದರೆ ಕತ್ತು ಉಳುಕುತ್ತದೆ, ಅಷ್ಟೆತ್ತರ. ಅಷ್ಟು ಎತ್ತರ ಕಟ್ಟಲು ನಗರದ ಕಚೇರಿಯವರು ಒಪ್ಪಿದ್ದು ಒಂದು ಮಾತಿನ ಮೇಲೆ. ಕಟ್ಟಡದ ಮುಂದಿನ ಅಂಗಳವನ್ನು ಮಾಲೀಕ ಎಂದೆಂದಿಗೂ ಜನರಿಗೆ ಬಿಡಬೇಕು. ಯಾರು ಬೇಕಾದರೂ ಬರಬಹುದು, ಕೂರಬಹುದು, ಅಡ್ಡಾಡಬಹುದು. ನೆಲ ಅವನದು, ಕಾಲು ನಮ್ಮದು. ಅದಕ್ಕೆ ಬದಲಾಗಿ ಅವನಿಗೆ ಮೇಲೆ ಹೆಚ್ಚಿನ ಮಹಡಿಗಳು ಸಿಕ್ಕವು. ಆ ಮಹಡಿಗಳನ್ನೇನೂ ಅವನು ವಾಪಸು ಕೊಟ್ಟಿಲ್ಲ. ಅವು ಅಲ್ಲೇ ಇವೆ, ಬಾಡಿಗೆ ತರುತ್ತಿವೆ. ಜನರ ಕೈಯಿಂದ ವಾಪಸು ಹೋಗುತ್ತಿದ್ದದ್ದು ಕೆಳಗಿನ ನೆಲ ಮಾತ್ರ. ನೆಲಮಹಡಿಯನ್ನು ಅವನು ಒಂದು ಕಾಫಿ ಅಂಗಡಿಗೆ ಬಾಡಿಗೆಗೆ ಕೊಟ್ಟ. ಅಂಗಡಿಯವರು ಹೊಸಿಲು ದಾಟಿ ಹೊರಗೆ ಕೊಡೆ ನೆಟ್ಟರು.

ಇದೆಲ್ಲ ನನಗೆ ಗೊತ್ತಿರಲು ಕಾರಣ, ಕಟ್ಟಡ ಎದ್ದ ವರ್ಷ ಅಲ್ಲಿಗೆ ಬೋರ್ಡು ಬರೆದವನು ನಾನು. ಓಣಿಯ ಬಾಯಲ್ಲೇ ನನ್ನ ಬೋರ್ಡಿನ ಅಂಗಡಿ. ಆಗ ಕುಂಚದಲ್ಲಿ ಬರೆಯುತ್ತಿದ್ದೆ. ನೀಲಿ ತಗಡಿನ ಮೇಲೆ ಬಿಳಿ ಅಕ್ಷರ: ‘ಈ ಅಂಗಳವು ಸಾರ್ವಜನಿಕರಿಗೆ ಮುಕ್ತವಾಗಿದೆ.’ ಈಗ ಕುಂಚ ಕೇಳುವವರಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಮಷೀನಿನಲ್ಲಿ ಸ್ಟಿಕ್ಕರ್ ಕತ್ತರಿಸಿ, ಹಲಗೆಗೆ ಅಂಟಿಸಿ ಕೊಡುತ್ತೇನೆ. ನಾನು ಬರೆದ ಆ ತಗಡು ಕಾಫಿ ಅಂಗಡಿ ಬಂದ ಹೊಸದರಲ್ಲೇ ಕಾಣೆಯಾಯಿತು. ತುಕ್ಕು ಹಿಡಿದಿತ್ತು, ತೆಗೆದೆವು ಅಂದರಂತೆ.

ನನಗೆ ಈ ಅಂಗಳದ ಚಿಂತೆ ಹತ್ತಿದ್ದು ಲೋಕೋಪಕಾರಕ್ಕಲ್ಲ. ಹೆಂಡತಿಯ ಕಾಲಿಗಾಗಿ.

ನಮ್ಮವಳು ಬಸ್ ಕಂಡಕ್ಟರ್. ಡ್ರೈವರ್ ತಟ್ಟನೆ ಹಾಕಿದ ಬ್ರೇಕಿಗೆ ಬಾಗಿಲ ಮೆಟ್ಟಿಲಿಂದ ರಸ್ತೆಗೆ ಬಿದ್ದಳು. ತೊಡೆಯ ಮೂಳೆ ಮುರಿಯಿತು, ಒಳಗೆ ಕಂಬಿ ಹಾಕಿದರು. ವಾಕರ್ ಹಿಡಿದುಕೊಂಡು ಮನೆಗೆ ಬಂದಳು. ನಾಲ್ಕು ಕಾಲಿನ ಆ ಚೌಕಟ್ಟನ್ನು ಎತ್ತಿ ಮುಂದಿಟ್ಟು ಒಂದು ಹೆಜ್ಜೆ, ಮತ್ತೆ ಎತ್ತಿಟ್ಟು ಇನ್ನೊಂದು ಹೆಜ್ಜೆ. ಡಿಪೋದವರು ರಜೆ ಕೊಟ್ಟರು, ಜೊತೆಗೆ ಒಂದು ಷರತ್ತನ್ನೂ ಹಾಕಿದರು. ರಜೆ ಮುಗಿಯುವ ದಿನ ಅವರ ಡಾಕ್ಟರ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಏನನ್ನೂ ಹಿಡಿಯದೆ, ಹೋಗಿ ಬರಬೇಕು. ಬಂದರೆ ಬಸ್ಸು. ಇಲ್ಲದಿದ್ದರೆ ಮನೆ. ಮನೆಯಲ್ಲಿ ಕೂರುವ ಮಾತೆತ್ತಿದರೆ ಅವಳಿಗೆ ಮೈ ಉರಿಯುತ್ತದೆ. ಮದುವೆಗೆ ಮುಂಚಿನಿಂದ ದುಡಿದವಳು.

“ದಿನವಿಡೀ ನಿಮ್ಮ ಮುಖ ನೋಡ್ಕೊಂಡು ಕೂತಿರೋದಕ್ಕಿಂತ ಬಸ್ಸಲ್ಲಿ ಕಾಲು ತುಳಿಸ್ಕೊಳ್ಳೋದೇ ವಾಸಿ ಕಣ್ರೀ,” ಅಂದಳು.

ತಮಾಷೆಗೇ ಅಂದದ್ದು. ಆದರೆ ಅಂದು ಮುಗಿಸಿ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು. ನನಗೆ ಆ ಬೆನ್ನು ನೋಡಲಾಗಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದೇ ಮಾತು ಹೇಳಿದ್ದಳು. ದಿನಾ ನಡೆಯಬೇಕು, ಸಮನಾದ ನೆಲದಲ್ಲೇ ನಡೆಯಬೇಕು. ಹೇಳುವುದು ಸುಲಭ. ನಮ್ಮದು ಒಂದೂವರೆ ಕೋಣೆಯ ಮನೆ. ಮಂಚದಿಂದ ಒಲೆಗೆ ಹೋಗಲು ಹೊರಳಿದರೆ ಬಚ್ಚಲು ಬರುತ್ತದೆ. ಓಣಿ ಇಳಿಜಾರು, ಹಾಸಿದ ಚಪ್ಪಡಿಗಳಲ್ಲಿ ಅರ್ಧದಷ್ಟು, ಹಲ್ಲು ಉದುರಿದ ಹಾಗೆ, ಕಿತ್ತುಹೋಗಿವೆ. ಮುಖ್ಯರಸ್ತೆಯ ಫುಟ್‌ಪಾತಿನಲ್ಲಿ ಕರೆಂಟಿನ ಡಬ್ಬಿ, ಬೈಕುಗಳ ಸಾಲು, ಬಾಯಿ ತೆರೆದ ಮೋರಿ. ಆರೋಗ್ಯವಂತನೇ ಅಲ್ಲಿ ನೆಗೆದು ನೆಗೆದು ಹೋಗಬೇಕು. ಇಡೀ ಬಡಾವಣೆಯಲ್ಲಿ ಸಮನಾಗಿ ಕಲ್ಲು ಹಾಸಿದ, ಗಾಡಿ ನುಗ್ಗದ ಜಾಗ ಅಂದರೆ ಆ ಅಂಗಳ ಒಂದೇ. ಅಂಚಿನಲ್ಲಿ ಉದ್ದಕ್ಕೂ ಕಲ್ಲಿನ ಬೆಂಚುಗಳು ಬೇರೆ. ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು ಅವಳನ್ನು ಕರೆದೊಯ್ಯುತ್ತಿದ್ದೆ. ಒಂದು ಬೆಂಚಿನಿಂದ ಇನ್ನೊಂದಕ್ಕೆ ನಡೆಯುವುದು, ಕೂರುವುದು, ಏದುಸಿರು ಇಳಿದ ಮೇಲೆ ಮತ್ತೆ ಏಳುವುದು.

ನಾವು ಹೀಗೆ ಬೆಂಚಿನಿಂದ ಬೆಂಚಿಗೆ ಮುಂದೆ ಹೋಗುತ್ತಿದ್ದರೆ, ಆ ಕಡೆಯಿಂದ ಕುಂಡಗಳು ನಮ್ಮ ಕಡೆ ಬರುತ್ತಿದ್ದವು.

ಬೆಂಚುಗಳನ್ನು ಅವರು ಹಿಡಿದ ರೀತಿ ಹೇಳಬೇಕು. ಕಲ್ಲಿನ ಬೆಂಚು, ನೆಲಕ್ಕೆ ಕಚ್ಚಿಕೊಂಡಿದೆ, ಎತ್ತಿ ಒಯ್ಯಲಾಗುವುದಿಲ್ಲ. ಅದಕ್ಕೆ ಅದರ ಮೇಲೆ ಮೆತ್ತನೆಯ ದಿಂಬು ಹಾಸಿದರು. ಒಂದು ಸಂಜೆ ನಮ್ಮವಳು ಹೋಗಿ ಕೂತಳು. ಕಾವಲಿನವನು ಬಂದ. ಬಾಯಲ್ಲಿ ಸದಾ ಸೀಟಿ ಇಟ್ಟುಕೊಂಡು ಪಾರಿವಾಳ ಕಂಡರೂ ಊದುತ್ತಿದ್ದ ಅವನಿಗೆ ಓಣಿಯವರೆಲ್ಲ ಸೀಟಿ ಅಂತಲೇ ಹೆಸರಿಟ್ಟಿದ್ದರು. ಕೆಟ್ಟವನಲ್ಲ, ಸಂಬಳದವನು. ದಿಂಬು ಅಂಗಡಿಯದು, ಅತಿಥಿಗಳಿಗೆ ಮಾತ್ರ ಅಂದ. ಹಾಗಾದರೆ ದಿಂಬು ತೆಗೆ, ನಮಗೆ ಕಲ್ಲೇ ಸಾಕು ಅಂದೆ. ತೆಗೆಯುವ ಅಪ್ಪಣೆ ಇಲ್ಲ ಅಂದ.

ಆಗ ಒಳಗಿನಿಂದ ಮ್ಯಾನೇಜರ್ ಬಂದ. ಎಳೇ ವಯಸ್ಸು. ಮುಖದಲ್ಲಿ ನಗುವನ್ನು ಸ್ಟಿಕ್ಕರಿನ ಹಾಗೆ ಅಂಟಿಸಿಕೊಂಡಿರುತ್ತಿದ್ದ. ನಾನು ಅವನನ್ನು ನಗುಮುಖ ಅಂತಲೇ ಕರೆಯುವುದು, ಮನಸ್ಸಿನಲ್ಲಿ.

“ಅಂಕಲ್, ನೀವು ನಮ್ಮ ಅತಿಥಿಗಳಾ?” ಅಂತ ಕೇಳಿದ.

“ಯಾವ ಮನೇಲಪ್ಪ ಅತಿಥಿಗೆ ಬಿಲ್ ಕೊಡೋದು?” ಅಂದೆ.

ಅವನು ಇನ್ನೂ ಸ್ವಲ್ಪ ನಕ್ಕ. ಬೈದರೂ ನಗುವವನ ಹತ್ತಿರ ಜಗಳ ಆಡುವುದು ಎಣ್ಣೆ ಹಚ್ಚಿದ ಕಂಬ ಹತ್ತಿದ ಹಾಗೆ. ನಮ್ಮವಳು ಎದ್ದಳು. ಎದ್ದು ವಾಕರ್ ಹಿಡಿದು ನಿಂತಿದ್ದಾಳೆ, ಇನ್ನೂ ಒಂದು ಹೆಜ್ಜೆ ಇಟ್ಟಿಲ್ಲ, ಆಗಲೇ ಒಬ್ಬ ಮಾಣಿ ಬಾಟಲಿ ಹಿಡಿದು ಬಂದು ಅವಳು ಕೂತಿದ್ದ ದಿಂಬಿನ ಮೇಲೆ ಚಿಸ್ ಚಿಸ್ ಅಂತ ಔಷಧಿ ಸಿಂಪಡಿಸಿ ಒರೆಸಿದ. ತಿಗಣೆಗೆ ಹೊಡೆದ ಹಾಗೆ. ಅದರ ನಾತ ಕಾಫಿಯ ವಾಸನೆಗೆ ಬೆರೆಯಿತು. ಅವನ ಕುತ್ತಿಗೆ ಹಿಡಿಯಲು ಕೈ ಮುಂದೆ ಹೋಗಿತ್ತು. ನಮ್ಮವಳು ವಾಕರಿನಿಂದ ನನ್ನ ಕಾಲಿಗೆ ತಿವಿದಳು.

“ನಡೀರಿ. ನಿಮ್ಮನ್ನ ಠಾಣೆಯಿಂದ ಬಿಡಿಸ್ಕೊಂಡು ಬರೋಕೆ ನನಗೆ ಕಾಲಿಲ್ಲ.”

ಮರುದಿನವೇ ನಗರದ ಕಚೇರಿಗೆ ಹೋದೆ. ಅಲ್ಲಿದ್ದ ಸಾಹೇಬರು ಮೊದಲು ಅದು ಖಾಸಗಿ ಜಾಗ ಅಲ್ಲವೇ ಅಂದರು. ಜಾಗ ಖಾಸಗಿ, ಬಳಕೆ ಜನರದ್ದು, ಅದಕ್ಕೆಂದೇ ನೀವು ಮಹಡಿ ಕೊಟ್ಟಿದ್ದೀರಿ ಅಂದೆ. ಕಂಪ್ಯೂಟರ್ ನೋಡಿದರು, ತಲೆ ಆಡಿಸಿದರು. ಹಾಗೆ ಬಿಟ್ಟ ಜಾಗದಲ್ಲಿ ಜನರಿಗೆ ಕಾಣುವ ಹಾಗೆ ಬೋರ್ಡು ಇರಲೇಬೇಕಂತೆ, ಓಡಾಡಲು ದಾರಿ ಇರಬೇಕಂತೆ. ಬಂದು ನೋಡುತ್ತೇನೆ ಅಂದರು. ಯಾರು ದೂರು ಕೊಟ್ಟರೆಂದು ಹೇಳುವುದಿಲ್ಲ ಅಂತಲೂ ಅಂದರು. ಎಂದು ಬರುತ್ತೇನೆಂದು ಅಂಗಡಿಗೆ ಮೊದಲೇ ತಿಳಿಸಬೇಕು, ಅದು ನಿಯಮ ಅಂದರು. ಕಳ್ಳನಿಗೆ ಪೊಲೀಸರು ಬರುವ ಹೊತ್ತು ಹೇಳುವ ನಿಯಮ. ಆದರೂ ಸಂತೋಷವಾಯಿತು. ಡಿಪೋ ಡಾಕ್ಟರ ದಿನಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಕುಂಡಗಳು ಹಿಂದೆ ಸರಿದರೆ ಅವಳು ನಡೆದಾಳು ಅಂತ ಲೆಕ್ಕ ಹಾಕಿದೆ.

ಅದಾದ ಕೆಲವೇ ದಿನಕ್ಕೆ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ನಗುಮುಖನದೇ. ಹತ್ತಿರದ ಬೋರ್ಡಿನ ಅಂಗಡಿ ಅಂತ ಯಾರೋ ನನ್ನ ನಂಬರ್ ಕೊಟ್ಟಿದ್ದರು. ದಿಂಬಿನ ಜಗಳದವನೇ ನಾನು ಎಂದು ಅವನಿಗೆ ತಿಳಿಯದು. ತುರ್ತಾಗಿ ಒಂದು ದೊಡ್ಡ ಬೋರ್ಡು ಬೇಕು, ಬರಹ ಹೀಗಿರಲಿ ಅಂತ ಟೈಪ್ ಮಾಡಿದ್ದ. ಅವರ ದೊಡ್ಡ ಕಚೇರಿಯಿಂದ ಇಂಗ್ಲಿಷಿನಲ್ಲಿ ಬಂದದ್ದನ್ನು ಫೋನೇ ಕನ್ನಡ ಮಾಡಿಕೊಟ್ಟಿತ್ತೋ, ಇವನೇ ಮಾಡಿದ್ದನೋ, ಅಲ್ಲಿ ಇದ್ದದ್ದು ಇದು: ‘ಈ ಪ್ರದೇಶವು ಸಾರ್ವಜನಿಕರಿಂದ ಮುಕ್ತವಾಗಿದೆ.’

ಮೊದಲು ಸರಿಯಾಗಿಯೇ ಇದೆ ಅನ್ನಿಸಿತು. ಮತ್ತೆ ಓದಿದೆ. ಜನರಿಗೆ ಅಲ್ಲ, ಜನರಿಂದ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಅರ್ಧಂಬರ್ಧ. ಆದರೆ ನಮ್ಮ ಮೇಷ್ಟ್ರು ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಬೆತ್ತದ ತಾಳಕ್ಕೆ ಹಾಡಿಸುತ್ತಿದ್ದರು. ಇಂದ ಬೇರೆ, ಗೆ ಬೇರೆ. ಸಾಲದಿಂದ ಮುಕ್ತನಾದ, ರೋಗದಿಂದ ಮುಕ್ತನಾದ ಅನ್ನುತ್ತೇವೆ. ಈ ಅಂಗಳ ಜನರೆಂಬ ಕಾಟದಿಂದ ಬಿಡುಗಡೆಯಾಗಿದೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು.

ಫೋನ್ ಮಾಡಿ ತಪ್ಪಿದೆ ಅಂತ ಹೇಳಬೇಕಾಗಿತ್ತು. ಮೂವತ್ತು ವರ್ಷ ಈ ಕೆಲಸ ಮಾಡಿದವನು, ಯಾರ ಬೋರ್ಡಿನಲ್ಲೂ ಒತ್ತು ತಪ್ಪಿದರೂ ಹೇಳದೆ ಬಿಟ್ಟವನಲ್ಲ. ಈ ಸಲ ಹೇಳಲಿಲ್ಲ. ಹೇಳುವುದಿಲ್ಲ ಅಂತ ನಿರ್ಧರಿಸಿದಾಗ ಬಂದ ಖುಷಿಯನ್ನು ಏನು ಹೇಳಲಿ. ಸಾಹೇಬರು ಬರುತ್ತಾರೆ, ಬೋರ್ಡು ಓದುತ್ತಾರೆ, ಇವರು ಮನಸ್ಸಿನಲ್ಲಿ ಇಟ್ಟುಕೊಂಡದ್ದೆಲ್ಲ ಅಲ್ಲಿ ಮೊಳದುದ್ದದ ಅಕ್ಷರದಲ್ಲಿ ಇರುತ್ತದೆ, ಮರ್ಯಾದೆ ಹರಾಜಾಗುತ್ತದೆ. ಒಳ್ಳೆಯ ದಪ್ಪ ಅಕ್ಷರ ಆರಿಸಿದೆ. ಹಿನ್ನೆಲೆಗೆ ಕಡು ನೀಲಿ. ದೂರದಿಂದಲೂ ಓದಲು ಬರಬೇಕು. ಹಲಗೆ ಕಟ್ಟಿ ಸೀಟಿಯ ಕೈಗೆ ಕೊಟ್ಟು ಕಳಿಸಿದೆ. ನಮ್ಮವಳಿಗೆ ಹೇಳಲಿಲ್ಲ. ಅವಳು ಕೇಳಿದರೆ ಬೇಡ ಅನ್ನುತ್ತಾಳೆ, ಆಮೇಲೆ ನನ್ನ ಖುಷಿ ಹಾಳಾಗುತ್ತದೆ.

ಸಾಹೇಬರು ಬಂದ ದಿನ ಅಂಗಳಕ್ಕೆ ಮದುವಣಗಿತ್ತಿಯ ಕಳೆ ಬಂದಿತ್ತು. ಕುಂಡಗಳನ್ನು ನಿಜವಾಗಿಯೂ ಹಿಂದೆ ಎಳೆದಿದ್ದರು. ದಿಂಬುಗಳು ಮಾಯ. ಬೋರ್ಡು ಕೊಡೆಯ ಪಕ್ಕದಲ್ಲೇ ಫಳಫಳ ಹೊಳೆಯುತ್ತಿತ್ತು. ನಾನು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಸಾಹೇಬರು ಬೋರ್ಡಿನ ಮುಂದೆ ನಿಂತರು. ಫೋನ್ ತೆಗೆದು ಒಂದು ಫೋಟೊ ತೆಗೆದರು, ದಾರಿಯದೊಂದು ತೆಗೆದರು, ಹೋಗಿ ಕೊಡೆಯ ಕೆಳಗೆ ಕೂತರು. ಅವರಿಗೆ ನೊರೆ ತುಂಬಿದ ಒಂದು ಲೋಟ ಬಂತು.

ತಡೆಯಲಾಗಲಿಲ್ಲ. ರಸ್ತೆ ದಾಟಿ ಹೋದೆ.

“ಸಾರ್, ಆ ಬೋರ್ಡ್ ಒಂದ್ಸಲ ಓದಿ.”

“ಓದಿದೀನಿ. ಮುಕ್ತ ಅಂತ ಇದೆಯಲ್ಲ.”

“ಯಾರಿಂದ ಮುಕ್ತ ಅಂತ ಓದಿ ಸಾರ್.”

ಸಾಹೇಬರು ತುಟಿಯ ಮೇಲಿನ ನೊರೆ ಒರೆಸಿಕೊಂಡು, ಕತ್ತು ಹೊರಳಿಸಿ, ಬಿಡಿಸಿ ಬಿಡಿಸಿ ಓದಿದರು. ಸಾರ್ವಜನಿಕರಿಂದ ಮುಕ್ತ. ಅದಕ್ಕೇನೀಗ ಅಂದರು. ಸೊಳ್ಳೆಯಿಂದ ಮುಕ್ತ ಅಂದ ಹಾಗೆ ಇದು, ಜನರಿಗೆ ಅಂತ ಇರಬೇಕಾದಲ್ಲಿ ಜನರಿಂದ ಅಂತ ಇದೆ, ಇವರ ಹೊಟ್ಟೆಯಲ್ಲಿದ್ದದ್ದೇ ಹಲಗೆಯ ಮೇಲೆ ಬಂದಿದೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರಿಗೆ ನಗು ಬಂತು. “ನಾನು ಜಾಗ ನೋಡೋಕೆ ಬಂದಿದೀನಿ ಸ್ವಾಮಿ, ವ್ಯಾಕರಣ ನೋಡೋಕಲ್ಲ. ಅರ್ಥ ಆಗುತ್ತಲ್ಲ, ಅಷ್ಟು ಸಾಕು. ಯಾರು ಮಾಡಿದ್ದು ಈ ಬೋರ್ಡು?”

ನಗುಮುಖ ನನ್ನ ಕಡೆ ಕೈ ತೋರಿಸಿದ. ಸೀಟಿ ಅವನಿಗೆ ಅಷ್ಟರಲ್ಲಿ ಹೇಳಿದ್ದಿರಬೇಕು. “ಇವರೇ ಸಾರ್. ನಮ್ಮ ಬೋರ್ಡ್ ಅಂಕಲ್.”

“ಹಾಗಾದ್ರೆ ತಪ್ಪು ನಿಮ್ದೇ ಅಲ್ವೇನ್ರೀ?” ಅಂದರು ಸಾಹೇಬರು.

ಸುತ್ತ ಕೂತವರು ನಕ್ಕರು. ಬೇಕಂತಲೇ ತಪ್ಪು ಬಿಟ್ಟೆ ಅಂತ ಹೇಳಲೇ? ಯಾರಿಗೆ ಹೇಳಲಿ? ಸಾಹೇಬರು ಲೋಟ ಖಾಲಿ ಮಾಡಿ, ಬೋರ್ಡು ಇದೆ, ದಾರಿ ಇದೆ, ದೂರು ಮುಗಿಯಿತು ಅಂತ ಹೇಳಿ ಎದ್ದರು. ಅವರ ಗಾಡಿ ತಿರುವು ದಾಟುವುದರೊಳಗೆ ಕುಂಡಗಳು ಹೊರಗೆ ಉರುಳಿಕೊಂಡು ಬಂದವು, ದಿಂಬುಗಳೂ ಮರಳಿದವು. ಈ ಸಲ ನೆಲ ಒರೆಸುವ ನೆಪವೂ ಬೇಕಾಗಲಿಲ್ಲ.

ಮಾಡಿದ್ದನ್ನು ಸರಿಪಡಿಸೋಣವೆಂದು ಮರುದಿನ ‘ರಿಗೆ’ ಎಂಬಷ್ಟನ್ನೇ ಕತ್ತರಿಸಿಕೊಂಡು ಹೋದೆ. ಪುಕ್ಕಟೆ ಅಂಟಿಸಿ ಕೊಡುತ್ತೇನೆ ಅಂದೆ. ನಗುಮುಖ ಬಿಡಲಿಲ್ಲ. “ಬೇಡ ಅಂಕಲ್. ಸಾಹೇಬರು ಫೋಟೊ ತೆಗೆದು ಓಕೆ ಮಾಡಿರೋ ಬೋರ್ಡು. ಇನ್ನು ಒಂದಕ್ಷರ ಬದಲಾದ್ರೂ ನಮಗೇ ತೊಂದರೆ,” ಅಂದ. ನಗುತ್ತಲೇ ಅಂದ. ನನ್ನ ತಪ್ಪಿಗೆ ಸರ್ಕಾರದ ಮುದ್ರೆ ಬಿದ್ದಿತ್ತು.

ಅದಕ್ಕಿಂತ ಅಸಹ್ಯವಾದದ್ದು ಆಮೇಲೆ ನಡೆಯಿತು. ದಿಂಬಿಲ್ಲದೆ ಉಳಿದಿದ್ದ ಕೊನೆಯ ಬೆಂಚಿನಲ್ಲಿ ದಿನಾ ಒಬ್ಬರು ವಯಸ್ಸಾದವರು ಪೇಪರ್ ಓದುತ್ತ ಕೂರುತ್ತಿದ್ದರು. ಪೇಪರ್ ತಾತ ಅನ್ನುತ್ತಿದ್ದೆವು. ಜಾಹೀರಾತನ್ನೂ ಬಿಡದೆ ಓದುವವರು. ಇಡೀ ಬಡಾವಣೆಯಲ್ಲಿ ಆ ಬೋರ್ಡನ್ನು ಇದ್ದ ಹಾಗೆ ಓದಿದವರು ಅವರೊಬ್ಬರೇ. ಓದಿ, ಪೇಪರ್ ಮಡಚಿ, ನನ್ನ ಅಂಗಡಿಗೆ ಬಂದರು.

“ಇನ್ನು ಅಲ್ಲಿ ಕೂರೋದು ಸರಿಯಲ್ಲಪ್ಪ. ನಮ್ಮಂಥವರು ಬೇಡ ಅಂತ ಸ್ಪಷ್ಟವಾಗಿ ಬರೆದು ಹಾಕಿದಾರೆ,” ಅಂದರು.

ತಾತ, ಅದು ತಪ್ಪು, ಹಾಗೆ ಬರೆಯುವ ಹಕ್ಕು ಅವರಿಗಿಲ್ಲ, ಹೋಗಿ ಕೂತುಕೊಳ್ಳಿ ಅಂತ ಬೇಡಿಕೊಂಡೆ. ಬರೆದದ್ದು ತಪ್ಪಾದರೆ ಇಷ್ಟು ದೊಡ್ಡದಾಗಿ ಬರೆಯುತ್ತಿದ್ದರೇ ಅಂತ ಕೇಳಿದರು. ಓದಲು ಬಾರದವರೆಲ್ಲ ಇನ್ನೂ ಅಂಗಳದ ಅಂಚಿನಲ್ಲಿ ಓಡಾಡುತ್ತಿದ್ದರು. ಓದಿದ ಒಬ್ಬ ಮನುಷ್ಯ ಹೊರಟುಹೋದ. ಮಾರನೆಯ ದಿನ ಆ ಬೆಂಚಿಗೂ ದಿಂಬು ಬಂತು.

ನಮ್ಮವಳಿಗೆ ವಿಷಯ ತಿಳಿದದ್ದು ತಾತನಿಂದಲೇ. ಓಣಿಯಲ್ಲಿ ಅವಳನ್ನು ಕಂಡು, ನಿಮ್ಮೆಜಮಾನರ ಅಕ್ಷರ ಬಹಳ ಚೆನ್ನ ಅಂದರಂತೆ. ಅವಳು ಮನೆಗೆ ಬಂದು ವಾಕರ್ ಗೋಡೆಗೆ ಒರಗಿಸಿ ಮಂಚದ ಮೇಲೆ ಕೂತಳು. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಸಿಟ್ಟೇ ಬಂತು, ಸಾಹೇಬರಿಗೆ, ನಗುಮುಖನಿಗೆ, ಕೊನೆಗೆ ವ್ಯಾಕರಣಕ್ಕೂ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅವರು ಕುಂಡ ತಳ್ಕೊಂಡು ಕದೀತಿದ್ರು. ನೀವು ಬರೆದು ಕೊಟ್ರಿ.”

ಅಷ್ಟೇ ಅಂದದ್ದು. ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಡಾಕ್ಟರ ಕೋಣೆಯ ಪರೀಕ್ಷೆ ಸೋಮವಾರಕ್ಕಿತ್ತು. ಆ ವಾರವೆಲ್ಲ ಅವಳು ನಡೆದದ್ದು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ವಾಕರ್ ಬಿಟ್ಟು ನಿಂತರೆ ಕಾಲು ನಡುಗುತ್ತಿತ್ತು, ಗೋಡೆ ಹುಡುಕುತ್ತಿತ್ತು ಕೈ. ಡಿಪೋದಿಂದ ಅವಳ ಗೆಳತಿಯೊಬ್ಬಳು ಫೋನ್ ಮಾಡಿ, ಆಗದಿದ್ದರೆ ಆ ದಿನವೇ ಸಹಿ ಹಾಕಿಸಿಕೊಂಡು ಮನೆಗೆ ಕಳಿಸುತ್ತಾರಂತೆ ಕಣೇ ಅಂದಳು. ಫೋನ್ ಇಟ್ಟ ಮೇಲೆ ಇವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಎದ್ದಳು.

“ಏಳ್ರಿ. ಅಂಗಳಕ್ಕೆ ಹೋಗೋಣ.”

ಎಲ್ಲಿದೆ ಅಂಗಳ ಅಂದೆ. ಇದ್ದಲ್ಲೇ ಇದೆ ಅಂದಳು.

ಶನಿವಾರದ ಸಂಜೆ. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮೇಜುಗಳ ನಡುವೆ ಮಾಣಿ ಅಡ್ಡಡ್ಡ ಹೊರಳಿ ಹೋಗಬೇಕು, ಅಷ್ಟೇ ಜಾಗ. ಕುಂಡಗಳ ಸಂದಿಯಲ್ಲಿ ನಿಂತಿದ್ದ ಸೀಟಿ ನಮ್ಮನ್ನು ಕಂಡು ಪಾಪ ತಲೆ ತಗ್ಗಿಸಿದ. ಹೊರಗಿನ ಸಾಮಾನು ಒಳಗೆ ತರುವ ಹಾಗಿಲ್ಲ, ವಾಕರ್ ಬಿಡುವುದಿಲ್ಲ ಅಂದ. ಬೋರ್ಡನ್ನೂ ತೋರಿಸಿದ, ಸಾರ್ವಜನಿಕರು ಅಂತೇನೋ ಹಾಕಿದ್ದಾರಕ್ಕ ಅಂತ.

“ನಾನು ಸಾರ್ವಜನಿಕರಲ್ಲ ಕಣಪ್ಪ. ಸಾರ್ವಜನಿಕರು ಹತ್ತೋ ಬಸ್ಸಿಗೆ ಕಂಡಕ್ಟರು,” ಅಂದಳು ನಮ್ಮವಳು. ವಾಕರನ್ನು ಎತ್ತಿ ಅವನ ಕೈಗೆ ಕೊಟ್ಟಳು. “ಲಗೇಜು ಇಲ್ಲೇ ಇರ್ಲಿ. ಇಳಿಯೋವಾಗ ತಗೋತೀನಿ.”

ಅವನು ಹಿಡಿದುಕೊಂಡ. ಬೇರೇನು ಮಾಡುತ್ತಾನೆ.

ಅವಳು ಮೊದಲ ಕುರ್ಚಿಯ ಬೆನ್ನು ಹಿಡಿದಳು. ಅದರಲ್ಲಿ ಒಬ್ಬ ಕೂತಿದ್ದ. ತಿರುಗಿ ನೋಡಿದ. “ಸ್ವಲ್ಪ ದಾರಿ,” ಅಂದಳು. ಆ ಕುರ್ಚಿಯಿಂದ ಪಕ್ಕದ ಕುರ್ಚಿಗೆ ಕೈ ಹಾಕಿದಳು, ಅಲ್ಲಿಂದ ಎದುರಿನದಕ್ಕೆ. ಓಡುವ ಬಸ್ಸಿನಲ್ಲಿ ಸೀಟಿನ ಬೆನ್ನು ಹಿಡಿದು ಹಿಂದಿನಿಂದ ಮುಂದಕ್ಕೆ ಹೋಗುವ ಹಾಗೆಯೇ ಹೋದಳು. ಕೈ ಮೊದಲು, ಆಮೇಲೆ ಸೊಂಟ, ಆಮೇಲೆ ಕಾಲು. ಬಸ್ಸಿನ ದನಿಯೂ ಬಂತು. “ಕಾಲು ಒಳಗೆ ಎಳ್ಕೊಳ್ಳಿ. ಬ್ಯಾಗು ತೊಡೆ ಮೇಲೆ ಇಟ್ಕೊಳ್ಳಿ. ಮುಂದೆ ಸರೀರಿ.”

ಜನ ನೋಡಿದ ನೋಟ ನಾನು ಸಾಯುವವರೆಗೂ ಮರೆಯಲಾರೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಮನುಷ್ಯರು ಅನ್ನಬಹುದಿತ್ತು. ಒಬ್ಬಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು, ಇವಳ ಉಸಿರು ಬೀಳದ ಹಾಗೆ. ಇನ್ನೊಬ್ಬ ಇವಳು ಮುಟ್ಟಿದ ಕುರ್ಚಿಯ ಬೆನ್ನನ್ನು ಕಾಗದದಿಂದ ಒರೆಸಿದ. ಮುಂದಿನ ಮೇಜಿನವರು ಅದನ್ನು ಕಂಡು, ಇವಳು ಹತ್ತಿರ ಬರುವ ಮೊದಲೇ ಕುರ್ಚಿಗಳನ್ನು ಕರಕರ ಎಳೆದುಕೊಂಡು ಮೇಜಿಗೆ ಅಂಟಿ ಕೂತರು. ಅವರ ಆಚೆಯವರೂ ಎಳೆದುಕೊಂಡರು. ಕೊಚ್ಚೆ ಹಾರಿಸುತ್ತ ಗಾಡಿ ಬರುತ್ತಿದೆ ಅಂದರೆ ಸೀರೆ, ಪಂಚೆ ಎತ್ತಿಕೊಂಡು ಸರಿಯುತ್ತಾರಲ್ಲ, ಹಾಗೆ.

ಕುರ್ಚಿಗಳು ಸರಿದವು. ನಮ್ಮವಳ ಕೈ ಗಾಳಿಯಲ್ಲಿ ಉಳಿಯಿತು. ಮುಂದೆ ಹಿಡಿಯಲು ಏನೂ ಇಲ್ಲ, ಹಿಂದಿನದು ದೂರವಾಗಿದೆ. ಮೊಣಕಾಲು ನಡುಗಿದ್ದು ನನಗೆ ಕುಂಡಗಳ ಆಚೆಯಿಂದಲೇ ಕಂಡಿತು. ನುಗ್ಗಲು ಹೋದೆ. ಅವಳು ತಿರುಗದೆಯೇ ಅಂಗೈ ಹಿಂದೆ ಚಾಚಿ ನಿಲ್ಲಿ ಅಂತ ತೋರಿಸಿದಳು. ನಿಂತೆ.

ಅವಳು ಒಂದು ಹೆಜ್ಜೆ ಇಟ್ಟಳು. ಗೋಡೆಯಿಲ್ಲ, ವಾಕರಿಲ್ಲ, ಕುರ್ಚಿಯಿಲ್ಲ. ಇನ್ನೊಂದು ಇಟ್ಟಳು. ಅವರ ಹೇಸಿಗೆ ಮುಂದೆ ಮುಂದೆ ದಾರಿ ಮಾಡಿಕೊಡುತ್ತಿತ್ತು, ಇವಳು ಅದರ ಹಿಂದೆ ನಡೆಯುತ್ತಿದ್ದಳು. ಕೊನೆಯ ಮೇಜಿನವರೆಗೂ ಹೋದಳು. ಅಲ್ಲಿ ಗಾಜಿನ ಬಾಗಿಲಿದೆ, ಹಿಡಿದುಕೊಳ್ಳುತ್ತಾಳೆ ಅಂದುಕೊಂಡೆ. ಹಿಡಿಯಲಿಲ್ಲ. ನಿಂತಲ್ಲೇ ಸ್ವಲ್ಪ ಸ್ವಲ್ಪವೇ ತಿರುಗಿದಳು. ಮುಖದ ತುಂಬ ಬೆವರು, ಹಲ್ಲು ಕಚ್ಚಿದ್ದಳು.

ನಗುಮುಖ ಹೊರಗೆ ಬಂದ. ಎಷ್ಟು ಜನ ನೋಡುತ್ತಿದ್ದಾರೆ ಅಂತ ಮೊದಲು ನೋಡಿದ. ಆಮೇಲೆ ಅಮ್ಮ, ಇಲ್ಲೇ ಎಲ್ಲಾದರೂ ಕೂತುಕೊಳ್ಳಿ, ನಮ್ಮ ಕಡೆಯಿಂದ ಒಂದು ಕಾಫಿ ಕೊಡಿಸುತ್ತೇನೆ ಅಂತ ದೊಡ್ಡ ದನಿಯಲ್ಲಿ ಹೇಳಿದ. ಎಲ್ಲರಿಗೂ ಕೇಳಲಿ ಅಂತ.

“ಕೂರೋಕೆ ಬಂದಿಲ್ಲಪ್ಪ ನಾನು,” ಅಂದಳು. “ಪಕ್ಕಕ್ಕೆ ನಿಂತ್ಕೋ.”

ಅವನು ನಿಂತ. ನಗು ಮಾತ್ರ ಹಾಗೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವನ ಹಾಗೆ. ಅವಳು ವಾಪಸು ಬಂದಳು, ಅದೇ ದಾರಿಯಲ್ಲಿ, ಕೈ ಎರಡೂ ಖಾಲಿ. ಸೋಮವಾರದ ಕೋಣೆ ಇದಕ್ಕಿಂತ ಉದ್ದವಿರಲು ಸಾಧ್ಯವಿಲ್ಲ ಅಂತ ನನ್ನ ಕಣ್ಣು ಅಳೆಯಿತು. ಸೀಟಿ ವಾಕರ್ ಮುಂದೆ ಹಿಡಿದ. ಅವಳು ಬೇಡ ಅಂತ ತಲೆ ಆಡಿಸಿದಳು.

ಅಷ್ಟರಲ್ಲಿ ಕುಂಡದ ಪಕ್ಕ ಕೂತಿದ್ದ ಒಬ್ಬ ಹೆಂಗಸು, ಬಂಗಾರದ ಕನ್ನಡಕದವಳು, ತಾನು ಕಚ್ಚಿ ಬಿಟ್ಟಿದ್ದ ಕೇಕಿನ ಅರ್ಧವನ್ನು ಕಾಗದದಲ್ಲಿ ಸುತ್ತಿ ನಮ್ಮವಳ ಕಡೆ ಚಾಚಿದಳು. ತಗೊಳ್ಳಮ್ಮ, ತಿನ್ನು ಅಂದಳು. ಕರುಣೆಯಿಂದಲೇ ಅಂದಳು. ಬೇಡಲು ಬಂದವಳು ಅಂದುಕೊಂಡಿದ್ದಳು. ಕಾಗದದಿಂದ ಕೆನೆ ಒಸರುತ್ತಿತ್ತು, ಅದರ ಮೇಲೆ ಹಲ್ಲಿನ ಗುರುತು.

ನಮ್ಮವಳು ಅದನ್ನು ತೆಗೆದುಕೊಂಡಳು. ತೆಗೆದುಕೊಂಡು, ಕುಂಡಗಳ ಮೇಲಿನಿಂದ ನನ್ನ ಕೈಗೆ ದಾಟಿಸಿದಳು.

“ಇದನ್ನ ಹಿಡ್ಕೊಂಡಿರಿ. ನನಗೆ ಇನ್ನೊಂದು ಸುತ್ತಿದೆ.”

ತಿರುಗಿ ಮತ್ತೆ ಹೊರಟಳು. ಕುರ್ಚಿಗಳು ಮತ್ತೆ ಕರಕರ ಅಂದವು. ಯಾರದೋ ಎಂಜಲು ನನ್ನ ಬೆರಳುಗಳಿಗೆ ಅಂಟುತ್ತಿತ್ತು. ಬಾಯಿ ತುಂಬ ಉಗುಳು ಬಂತು. ಆ ಕಲ್ಲಿನ ಮೇಲೆ, ಆ ನಗುವಿನ ಕಾಲ ಬಳಿ, ಕ್ಯಾಕರಿಸಿ ಉಗಿಯಬೇಕು ಅಂತ ಮುಂದೆ ಬಾಗಿದೆ. ವಾಪಸು ಬರುವಾಗ ಅವಳು ಪಾದ ಇಡಬೇಕಾದದ್ದೂ ಅದೇ ಕಲ್ಲಿನ ಮೇಲೆ.

ನುಂಗಿಕೊಂಡು ನಿಂತೆ.